ಎರಡನೆಯ ಬ್ರೇಕು

ಅಳತೆ ಟೇಪು ಕಾರಿನ ಮೂತಿಯಿಂದ ಹೊರಟು ಮುಂದಿನ ಬಾಗಿಲಿನ ಹತ್ತಿರ ಬರುವಷ್ಟರಲ್ಲೇ ಮುಗಿದುಹೋಯಿತು. ಹೊಲಿಗೆ ಡಬ್ಬಿಯಲ್ಲಿದ್ದ ಟೇಪು ಅದು. ಮನುಷ್ಯರ ಸೊಂಟ, ತೋಳು ಬಿಟ್ಟರೆ ಬೇರೇನನ್ನೂ ಅಳೆದು ಗೊತ್ತಿಲ್ಲ. ಅವಳು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದು, ಅಲ್ಲಿಂದ ಮತ್ತೆ ಟೇಪು ಹಿಡಿದಳು.

ಮೆಟ್ಟಿಲ ಮೇಲೆ ಕೂತಿದ್ದ ಮಾವ ನೋಡುತ್ತಲೇ ಇದ್ದರು.

"ಅಂಗಿ ಹೊಲಿಸ್ತೀಯಾ ಅದಕ್ಕೆ?" ಎಂದರು.

"ಹೂಂ ಮಾವ. ತುಂಬು ತೋಳಿಂದು."

"ಕನ್ನಡಿ ಬಿಟ್ಟು ಅಳೀಬೇಡ. ಎರಡು ಕಿವಿ ಇವೆ ಅದಕ್ಕೆ. ಕಿವಿಗೆ ಜಾಗ ಬಿಡದೆ ಎಳೆದ್ರೆ ಅಲ್ಲೇ ಹರಿಯುತ್ತೆ."

ಹತ್ತು ದಿನಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಅವಳು ಒಂದು ಕನ್ನಡಿಯಿಂದ ಇನ್ನೊಂದು ಕನ್ನಡಿಗೆ ಟೇಪು ಹಿಡಿದು, ಬಂದ ಲೆಕ್ಕವನ್ನು ಅಂಗೈ ಮೇಲೆ ಬರೆದುಕೊಂಡಳು.

ಮಾವ ಮೂವತ್ತನಾಲ್ಕು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದವರು. ಊರಿನವರ ಬಾಯಲ್ಲಿ ಅವರು ಕ್ಲಚ್ ಮೇಷ್ಟ್ರು. ಬ್ಯಾಂಕಿನ ಗುಮಾಸ್ತರು, ಆಸ್ಪತ್ರೆಯ ದಾದಿಯರು, ಅರವತ್ತು ದಾಟಿದ ಮೇಲೆ ಹಟ ಹಿಡಿದು ಬಂದವರು, ಎಲ್ಲರೂ ಇದೇ ಬಿಳಿ ಕಾರಿನಲ್ಲಿ ಕೂತು ನಡುರಸ್ತೆಯಲ್ಲಿ ಎಂಜಿನ್ ನಿಲ್ಲಿಸಿಕೊಂಡು ಬೆವರಿದವರೇ. ಡ್ರೈವಿಂಗ್ ಸ್ಕೂಲು ಮುಚ್ಚಿದಾಗ ಮೇಷ್ಟ್ರು ಕಾರನ್ನು ಮನೆಗೆ ತಂದುಕೊಂಡರು. ತಲೆಯ ಮೇಲಿನ ಬೋರ್ಡನ್ನು ತೆಗೆಸಿದರು. ಆದರೆ ಪಕ್ಕದ ಸೀಟಿನ ಕಾಲಡಿ ಇದ್ದ ಎರಡನೆಯ ಬ್ರೇಕನ್ನು, ಕಲಿಸುವವರು ಒತ್ತುವ ಬ್ರೇಕನ್ನು, ತೆಗೆಸಲಿಲ್ಲ. ಸೊಸೆಗೂ ಕಲಿಸುತ್ತೇನೆಂದು ಎಷ್ಟೋ ಸಲ ಕರೆದಿದ್ದರು. "ಇವತ್ತು ಬೇಡ ಮಾವ, ಒಲೆ ಮೇಲೆ ಹಾಲಿದೆ" ಎನ್ನುತ್ತಿದ್ದಳು ಅವಳು. "ಆ ಹಾಲು ಹನ್ನೆರಡು ವರ್ಷದಿಂದ ಕಾಯ್ತಾನೇ ಇದೆಯಲ್ಲಮ್ಮ, ಇನ್ನೂ ಉಕ್ಕಲಿಲ್ವಾ?" ಎಂದು ಅವರು ನಗುತ್ತಿದ್ದರು.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವರ ಕಾಲು ಬ್ರೇಕಿಗೆ ಹೋಗುವುದು ಒಂದು ಚೂರು ತಡವಾಯಿತು. ಕಾರು ಪಾರ್ಕಿನ ಎದುರಿನ ಫುಟ್‌ಪಾತ್ ಹತ್ತಿ, ಖಾಲಿಯಿದ್ದ ಒಂದು ಬೆಂಚನ್ನು ಮುರಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮೊಮ್ಮಗಳು ದಿನಾ ಸಂಜೆ ಆಡಿ ದಣಿದು ಕೂರುತ್ತಿದ್ದ ಬೆಂಚು ಅದು. ಮೇಷ್ಟ್ರ ಮಗ ಆ ಮುರಿದ ಹಲಗೆಗಳನ್ನು ನೋಡಿಕೊಂಡು ಬಂದವನೇ ಅಪ್ಪನ ಮುಂದೆ ಕೈ ಚಾಚಿದ. ಅಪ್ಪ ಕೀ ಕೊಟ್ಟರು. ಬ್ಯಾಟರಿಯ ವೈರನ್ನೂ ಅವನು ಕಿತ್ತಿಟ್ಟ.

ಆದರೂ ಅವರು ದಿನಾ ಬೆಳಿಗ್ಗೆ ಎದ್ದು, ಮರದ ಕೆಳಗೆ ನಿಂತ ಕಾರನ್ನು ಒರೆಸಿ, ಒಳಗೆ ಅರ್ಧ ಗಂಟೆ ಕೂತು ಬರುತ್ತಿದ್ದರು. ಅಡುಗೆಮನೆಯ ಕಿಟಕಿ ಇರುವುದು ಹಿತ್ತಲ ಕಡೆಗೆ. ಅವಳಿಗೆ ಕಾಣುತ್ತಿರಲಿಲ್ಲ, ಬಾಗಿಲು ಧಪ್ ಎನ್ನುವುದು ಮಾತ್ರ ಕೇಳುತ್ತಿತ್ತು. ಎರಡನೆಯ ಸಲ ಧಪ್ ಎಂದರೆ ಟೀ ಸೋಸುವ ಹೊತ್ತು. ಒಳಗೆ ಬಂದವರು ಟೀ ಕುಡಿಯುತ್ತ, ಪೇಪರಿನಲ್ಲಿ ಓದಿದ್ದನ್ನು ಹೇಳಿ ಒಂದಿಷ್ಟು ನಗಿಸಿ, ತಿಂಡಿಗೆ ಕೂರುತ್ತಿದ್ದರು. ಆ ಅರ್ಧ ಗಂಟೆ ಸಿಕ್ಕರೆ ಉಳಿದ ದಿನವನ್ನು ಹೇಗೋ ತಳ್ಳುತ್ತಿದ್ದರು.

ಗಂಡನಿಗೆ ಅದೇ ಭಯ.

"ಇನ್ನೂ ಸ್ಟಿಯರಿಂಗ್ ಹಿಡ್ಕೊಂಡು ಕೂರ್ತಾರೆ ಕಣೇ. ವೈರ್ ಸಿಕ್ಕಿಸೋದು ಅವರಿಗೆ ಎಷ್ಟು ಹೊತ್ತಿನ ಕೆಲಸ? ಒಂದಿನ ಹೊರಟೇಬಿಡ್ತಾರೆ. ಮುಚ್ಚಿಬಿಡೋಣ. ಕಣ್ಣಿಗೆ ಕಾಣ್ದಿದ್ರೆ ಮರೀತಾರೆ."

ಅವನು ರಸ್ತೆ ಬದಿಯ ಅಂಗಡಿಯಲ್ಲಿ ಸಿಕ್ಕಿದ ಒಂದು ಪ್ಲಾಸ್ಟಿಕ್ ಹೊದಿಕೆ ತಂದು ಕಾರಿನ ಮೇಲೆ ಹಾಕಿ, ಬಟ್ಟೆ ಒಣಹಾಕುವ ಹಗ್ಗದಿಂದ ಹಾಸಿಗೆ ಸುತ್ತಿದ ಹಾಗೆ ಬಿಗಿದ. "ತಾತ, ಕಾರಿಗೆ ಜ್ವರಾನಾ?" ಎಂದು ಕೇಳಿದಳು ಮೊಮ್ಮಗಳು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತರು. ಟೀ ಆರಿತು. ತಟ್ಟೆಯಲ್ಲಿ ಅರ್ಧ ತಿಂಡಿ ಉಳಿಯತೊಡಗಿತು. ಹತ್ತನೆಯ ದಿನ ಜೋರು ಗಾಳಿಗೆ ಹೊದಿಕೆ ಹರಿದಾಗ ನೋಡಿದರೆ, ಒಳಗೆ ಕಾರು ಸ್ನಾನ ಮಾಡಿದ ಹಾಗೆ ಒದ್ದೆ. ಹಗ್ಗ ಉಜ್ಜಿದ ಕಡೆಯೆಲ್ಲ ಬಣ್ಣದ ಮೇಲೆ ಗೀರು. ಮೇಷ್ಟ್ರು ಒಂದು ಗೀರಿನ ಮೇಲೆ ಬೆರಳು ಇಟ್ಟು ಕೊನೆಯವರೆಗೂ ಎಳೆದುಕೊಂಡು ಹೋದರು. ಗಂಡ ತಲೆ ತಗ್ಗಿಸಿದ.

"ಈ ಸಲ ನಾನು ತರ್ತೀನಿ" ಎಂದಳು ಅವಳು.

ಅಂಗಡಿಯವನು ಮಾತಿನ ಮಲ್ಲ. "ಅಕ್ಕ, ಕಾರು ಸೂರಿನ ಕೆಳಗೆ ನಿಲ್ಲೋದಾ, ಬಯಲಲ್ಲಿ ನಿಲ್ಲೋದಾ?" ಎಂದು ಶುರುಮಾಡಿದ.

"ಬಯಲಲ್ಲಿ. ಮರದ ಕೆಳಗೆ."

"ಮರ ಅಂದ್ರೆ ಹಕ್ಕಿ. ಹಕ್ಕಿ ಅಂದ್ರೆ ಹೇಳೋದೇ ಬೇಡ. ಮುಂಚೆ ಏನು ಹಾಕಿದ್ರಿ, ಪ್ಲಾಸ್ಟಿಕ್ಕಾ?"

ಅವಳು ತಲೆಯಾಡಿಸಿದಳು.

"ಎಲ್ಲರೂ ಮೊದಲು ಅದನ್ನೇ ಹಾಕೋದು ಬಿಡಿ. ಮಳೆ ಒಳಗೆ ಬರಬಾರದು ಅಂತ ಮಾತ್ರ ನೋಡ್ತಾರೆ. ನೆಲದಿಂದ ಏಳೋ ಹಸಿ ಎಲ್ಲಿಗೆ ಹೋಗಬೇಕು? ಒಳಗೇ ಕೂತು ಬಣ್ಣ ತಿನ್ನುತ್ತೆ." ಅವನು ಬೂದು ಬಣ್ಣದ ಒಂದು ದಪ್ಪ ಬಟ್ಟೆಯನ್ನು ಹರಡಿ, ಲೋಟದ ನೀರನ್ನು ಅದರ ಮೇಲೆ ಸುರಿದ. ನೀರು ಗುಂಡುಗುಂಡಾಗಿ ಉರುಳಿ ಅಂಚಿನಿಂದ ಇಳಿಯಿತು. "ಈಗ ಒಳಗಡೆಯಿಂದ ಬಾಯಿಗಿಟ್ಟು ಊದಿ."

"ಇಲ್ಲೇನಾ?"

"ನಾಚಿಕೆ ಯಾಕೆ ಅಕ್ಕ, ಎಲ್ಲರೂ ಊದಿದಾರೆ."

ಅವಳು ಒಂದು ಒಣಗಿದ ಮೂಲೆ ಹುಡುಕಿ ಊದಿದಳು. ಆಚೆ ಹಿಡಿದ ಅಂಗೈಗೆ ಉಸಿರು ಸಣ್ಣಗೆ, ಬೆಚ್ಚಗೆ ತಾಗಿತು. ಒಳಮೈ ಮೆತ್ತಗಿತ್ತು, ಮಗುವಿನ ಹಳೇ ಹೊದಿಕೆಯ ಹಾಗೆ. ಅಂಚಿಗೆ ಎಲಾಸ್ಟಿಕ್, ಕನ್ನಡಿಗೆ ಎರಡು ಕಿವಿ, ಹೊಟ್ಟೆಯ ಕೆಳಗೆ ಹಾಯಿಸಿ ಬಿಗಿಯಲು ಮೂರು ಪಟ್ಟಿ. ಅವಳು ಅಂಗೈ ನೋಡಿಕೊಂಡು ಅಳತೆ ಹೇಳಿದಳು. ಆಗ ಒಂದು ಬದಿಯಲ್ಲಿ ಉದ್ದಕ್ಕೆ ಜಿಪ್ ಇರುವುದು ಕಂಡಿತು.

"ಇದು ಯಾಕೆ?"

"ಡ್ರೈವರ್ ಬಾಗಿಲಿಗೆ. ಒಳಗಿಂದ ಏನಾದ್ರೂ ತಗೋಬೇಕು ಅಂದ್ರೆ ಇಡೀ ಹೊದಿಕೆ ಬಿಚ್ಚೋದು ಬೇಡ ಅಂತ. ಜಿಪ್ ಇಲ್ಲದ್ದು ಬೇಕಾದ್ರೆ ಅದೂ ಇದೆ."

"ಬೇಡ, ಇದೇ ಇರಲಿ" ಎಂದಳು ಅವಳು ಥಟ್ಟನೆ. ದಾರಿಯುದ್ದಕ್ಕೂ ಆ ಗಂಟನ್ನು ಎದೆಗೆ ಅವುಚಿಕೊಂಡೇ ಬಂದಳು.

ಭಾನುವಾರ ಹೊದಿಸಿದರು. ಮೇಷ್ಟ್ರು ಮೊದಲು ಎರಡು ಸಲ ತೊಳೆಸಿದರು. "ಒಂದು ಕಣ ಧೂಳಿದ್ರೂ ಗಾಳಿಗೆ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತೆ" ಎಂದರು. ಪಟ್ಟಿಯನ್ನು ಕಾರಿನ ಕೆಳಗೆ ಹಾಯಿಸುವುದೇ ದೊಡ್ಡ ಕಸರತ್ತಾಯಿತು. ಅವಳು ಒಂದು ಬದಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರೆ ಇನ್ನೊಂದು ಬದಿ ಗಂಡ ಮಲಗಿದ.

"ಸಿಕ್ತಾ?"

"ಇಲ್ಲ, ಇನ್ನೊಂಚೂರು ತಳ್ಳು."

"ನನ್ನ ಕೈ ಇಷ್ಟೇ ಉದ್ದ ಕಣ್ರೀ. ನೋಡಿ ತಾನೇ ಮದುವೆ ಆಗಿದ್ದು?"

ಕೊನೆಗೆ ಅವಳು ಪಟ್ಟಿಯ ತುದಿಯನ್ನು ಚಪ್ಪಲಿಗೆ ಕಟ್ಟಿ ಜಾರಿಸಿದಳು. ಚಪ್ಪಲಿ ನೇರ ಹೋಗಿ ಗಂಡನ ಮೂಗಿನ ಹತ್ತಿರ ನಿಂತಿತು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಮೂರು ಪಟ್ಟಿಯನ್ನೂ ಬಿಗಿದು ಬಕಲ್ ಹಾಕಿದಾಗ ಹೊದಿಕೆ ಎಲ್ಲೂ ಸುಕ್ಕಿಲ್ಲದೆ ಕೂತಿತು.

"ಮಾವ, ಇಲ್ಲಿ ಜಿಪ್ ಇದೆ. ಬೆಳಿಗ್ಗೆ ನೀವು ಬೇಕಾದ್ರೆ..." ಎಂದಳು ಅವಳು.

ಗಂಡ ಅವಳನ್ನೇ ನೋಡಿದ. ಮೇಷ್ಟ್ರು ಜಿಪ್ ನೋಡಿದರು. "ಚೆನ್ನಾಗಿದೆಯಮ್ಮ" ಎಂದು ಹೇಳಿ ಒಳಗೆ ಹೋದರು.

ಮರುದಿನ ಅವಳು ಟೀಗೆ ನೀರಿಟ್ಟು ಕಾದಳು. ಬಾಗಿಲು ಧಪ್ ಎನ್ನಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಮೇಷ್ಟ್ರು ಮೆಟ್ಟಿಲ ಮೇಲೆಯೇ ಇದ್ದರು. "ನೋಡ್ದ್ಯಾ, ಮರೀತಿದಾರೆ" ಎಂದ ಗಂಡ. ಆದರೆ ಅವನ ದನಿಯಲ್ಲಿ ನೆಮ್ಮದಿಯಿರಲಿಲ್ಲ. ಅಪ್ಪನ ಅಂಗಿಯ ಕಾಲರಿನಲ್ಲಿ ಕುತ್ತಿಗೆ ಸಣ್ಣದಾಗಿರುವುದು ಅವನಿಗೂ ಕಂಡಿತ್ತು.

ಶನಿವಾರ ಅವರು ಪೇಪರನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿಕೊಂಡಿದ್ದರು.

"ಕನ್ನಡಕ ಎಲ್ಲಿ ಮಾವ?"

"ಕಾರಲ್ಲಿ ಉಳಿದಿದೆ ಅನ್ಸುತ್ತೆ. ಇರಲಿ ಬಿಡು, ಓದೋಂಥದ್ದು ಏನಿದೆ."

ಅವಳು ಕೈ ಒರೆಸಿಕೊಂಡು ಹೋಗಿ ಜಿಪ್ ಎಳೆದು, ಬಾಗಿಲು ತೆಗೆದು ಬಗ್ಗಿದಳು. ಒಳಗೆ ಮೋಡದ ದಿನದ ಬೆಳಕು. ಡ್ರೈವರ್ ಸೀಟಿನ ಮೇಲೆ ಕೈಯೂರಿದಳು. ಎತ್ತಿದಾಗ ಸೀಟಿನಲ್ಲಿ ಅವಳ ಐದು ಬೆರಳೂ ಸ್ಪಷ್ಟವಾಗಿ ಮೂಡಿದ್ದವು. ಸ್ಟಿಯರಿಂಗ್ ಮೇಲೂ ಧೂಳು, ಗೇರಿನ ಹಿಡಿಯ ಮೇಲೂ ಧೂಳು. ದಿನಾ ಒರೆಸುವ ಮನುಷ್ಯ ಎರಡು ತಿಂಗಳಿಂದ ಮುಟ್ಟದೇ ಬಿಟ್ಟ ಧೂಳು ಅದು. ಪಕ್ಕದ ಸೀಟು ಮಾತ್ರ ಸ್ವಚ್ಛವಾಗಿತ್ತು. ಅದರ ನಡುವೆ ಒಬ್ಬರು ಕೂತು ಕೂತು ಆದ ತಗ್ಗು. ಅದರ ಮೇಲೆ ಕನ್ನಡಕ, ಮಡಿಸಿದ ಒರೆಸುವ ಬಟ್ಟೆ, ಒಂದು ಹಳೆಯ ಪೇಪರು. ಕೆಳಗೆ, ಎರಡನೆಯ ಬ್ರೇಕಿನ ಮುಂದೆ, ರಬ್ಬರ್ ಮ್ಯಾಟು ಹಿಮ್ಮಡಿಯ ಆಕಾರದಲ್ಲಿ ಸವೆದು ತಗಡು ಕಾಣುತ್ತಿತ್ತು.

ಅವಳು ಕನ್ನಡಕ ತೆಗೆದುಕೊಳ್ಳುವುದನ್ನೂ ಮರೆತು ನಿಂತಳು. ಆಮೇಲೆ ಒಳಗೆ ಹೋಗಿ, ಗಡ್ಡ ಹೆರೆದುಕೊಳ್ಳುತ್ತಿದ್ದ ಗಂಡನನ್ನು ಅರ್ಧ ನೊರೆಯಲ್ಲೇ ಕರೆದುಕೊಂಡು ಬಂದಳು.

"ಏನೇ ಇದು?"

"ಸ್ಟಿಯರಿಂಗ್ ಮೇಲೆ ಬೆರಳಿಡಿ."

ಅವನು ಇಟ್ಟ, ಎಳೆದ. ಕಪ್ಪು ಗೆರೆ ಮೂಡಿತು. ಬೆರಳ ತುದಿ ನೋಡಿಕೊಂಡ. ಆಮೇಲೆ ಪಕ್ಕದ ಸೀಟನ್ನು ನೋಡಿದ.

"ಅಲ್ಲಿ ಕೂರ್ತಿದ್ರಾ?" ಎಂದ. ನೊರೆ ಕೆನ್ನೆಯ ಮೇಲೆ ಒಣಗತೊಡಗಿತ್ತು.

"ಆ ಕಡೆ ಜಿಪ್ ಇಲ್ಲವಲ್ಲ" ಎಂದಳು ಅವಳು.

"ನನ್ನ ಹತ್ರ ಕೇಳಬಹುದಿತ್ತಲ್ಲ ಅವರು."

"ಕೀ ಕೊಟ್ಟ ಕೈ, ಹೇಗೆ ಕೇಳುತ್ತೆ?"

ಮಧ್ಯಾಹ್ನ ಊಟವಾಗಿ ಮೇಷ್ಟ್ರು ಮಲಗಿದ ಮೇಲೆ ಗಂಡ ಹೆಂಡತಿ ಬಕಲ್ ಬಿಚ್ಚಿ ಹೊದಿಕೆಯನ್ನು ಒಳಗೆ ಹೊತ್ತು ತಂದರು. ಹರಡಿದರೆ ಕೋಣೆ ತುಂಬಿತು. ಹಳೆಯ ಸೂಟ್‌ಕೇಸಿನ ಹೊರಚೀಲದಿಂದ ಅವಳು ಉದ್ದನೆಯ ಜಿಪ್ ಒಂದನ್ನು ಬಿಚ್ಚಿಟ್ಟಿದ್ದಳು. ಕತ್ತರಿ ಎತ್ತಿದಾಗ ಗಂಡ, "ಹೊಸದು ಕಣೇ" ಎಂದ. ಎಂದವನೇ ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದ. ಅವಳು ಕತ್ತರಿಸಿದಳು.

ಮನೆಯ ಮಿಷನ್ನಿಗೆ ಅದು ಹೆಚ್ಚಿನ ಕೆಲಸ. ಒಂದು ಸೂಜಿ ಮುರಿಯಿತು, ದಪ್ಪ ಸೂಜಿ ಹಾಕಿದಳು. ಗಂಡ ಬಟ್ಟೆಯ ಭಾರವನ್ನು ಹೆಗಲ ಮೇಲೆ ಹೊತ್ತು, ಅವಳು ಹೊಲಿದಷ್ಟೂ ಇಂಚಿಂಚೇ ಮುಂದಕ್ಕೆ ಬಿಡುತ್ತಿದ್ದ. ಜಿಪ್ಪಿನ ಮೇಲೆ ಮಳೆ ಬೀಳದ ಹಾಗೆ ಒಂದು ಪಟ್ಟಿ ಮುಚ್ಚಿ ಹೊಲಿದಳು. ಹೊಲಿಗೆಯ ತೂತಿನಲ್ಲಿ ನೀರಿಳಿಯಬಾರದೆಂದು ಮೇಣದ ಬತ್ತಿಯನ್ನು ಗೆರೆಯುದ್ದಕ್ಕೂ ತಿಕ್ಕಿದಳು.

"ಒಳಗೆ ಸೆಖೆ ಆಗಲ್ವಾ ಅವರಿಗೆ?"

"ತಿರುಗಿಸೋ ಗಾಜು, ಇಳಿಸ್ಕೋತಾರೆ. ಬಿಸಿಲೇರೋದ್ರೊಳಗೆ ನಾನೇ ಟೀಗೆ ಕರೀತೀನಿ."

ಹೊಲಿಗೆ ಒಂದು ಕಡೆ ಸೊಟ್ಟಗಾಗಿತ್ತು. ಅವಳು ಬಿಚ್ಚಲು ಹೊರಟರೆ ಗಂಡ ಬೇಡವೆಂದ. ರಾತ್ರಿ ಮೇಷ್ಟ್ರು ಮಲಗಿದ ಮೇಲೆ ಇಬ್ಬರೂ ಅದನ್ನು ಮತ್ತೆ ಕಾರಿಗೆ ಹೊದಿಸಿದರು.

ಭಾನುವಾರ ಬೆಳಿಗ್ಗೆ ಅವಳು ಟೀಗೆ ನೀರಿಟ್ಟು, ಮುಂಬಾಗಿಲಿನ ಹತ್ತಿರ ಬಂದು ನಿಂತಳು. ಮೇಷ್ಟ್ರು ಮೆಟ್ಟಿಲಿಳಿದು ಕೂರಲು ಹೊರಟವರು ಹಾಗೇ ನಿಂತರು. ಕಾರಿನ ಹತ್ತಿರ ಹೋಗಿ ಸುತ್ತ ಒಂದು ಸಲ ನಡೆದರು. ಸೊಟ್ಟ ಹೊಲಿಗೆಯ ಮೇಲೆ ಬೆರಳು ಇಟ್ಟು ಕೊನೆಯವರೆಗೂ ಎಳೆದುಕೊಂಡು ಹೋದರು. ಜಿಪ್ ಸರ್ರೆಂದಿತು. ಬಾಗಿಲು ಧಪ್ ಎಂದಿತು.

ಅವಳು ಒಲೆ ಆರಿಸಿ, ಟೀ ಸೋಸಿ, ಲೋಟ ಹಿಡಿದು ಹೊರಗೆ ಹೋದಳು. ಪಕ್ಕದ ಬಾಗಿಲಿನ ಹತ್ತಿರ ಬಗ್ಗಿ, "ಮಾವ, ಟೀ" ಎಂದಳು.

ಬೂದು ಬೆಳಕಿನಲ್ಲಿ ಅವರು ಕನ್ನಡಕ ಹಾಕಿಕೊಂಡು ಕೂತಿದ್ದರು. ಡ್ರೈವರ್ ಸೀಟಿನ ಮೇಲೆ, ಸ್ಟಿಯರಿಂಗ್ ಮೇಲೆ ಒಂದು ಕಣ ಧೂಳಿರಲಿಲ್ಲ. ಒರೆಸುವ ಬಟ್ಟೆ ಅವರ ಕೈಯಲ್ಲಿತ್ತು. ಅವರು ಲೋಟ ತೆಗೆದುಕೊಂಡರು.

"ಒಲೆ ಮೇಲೆ ಏನಿದೆ?" ಎಂದರು.

"ಏನಿಲ್ಲ ಮಾವ."

"ಹಾಗಾದ್ರೆ ಆ ಕಡೆಯಿಂದ ಬಾ."

ಅವಳು ಸುತ್ತಿ ಬಂದು ಆ ಕಡೆಯ ಜಿಪ್ ತೆಗೆದು ಒಳಗೆ ಕೂತಳು. ಕಾಲು ಎಲ್ಲಿಗೂ ಎಟುಕಲಿಲ್ಲ.

"ಸೀಟು ಮುಂದಕ್ಕೆ ಎಳ್ಕೋ. ಕೆಳಗೆ ಹಿಡಿ ಇದೆ. ಹಾಂ. ಈಗ ಕನ್ನಡಿ. ನಿನ್ನ ಮುಖ ನೋಡ್ಕೊಳ್ಳೋಕಲ್ಲ, ಹಿಂದೆ ಯಾರು ಬರ್ತಿದಾರೆ ಅಂತ ನೋಡೋಕೆ."

ಅವಳು ಕನ್ನಡಿಯನ್ನು ತಿರುಗಿಸಿ ತಿರುಗಿಸಿ ಸರಿ ಮಾಡಿದಳು. ಅದರೊಳಗೆ ಹಿಂಬದಿಯ ಗಾಜು, ಅದರಾಚೆ ಬೆಳಗಿನ ಬಿಸಿಲು ಸೋಸಿ ಬರುತ್ತಿದ್ದ ಬೂದು ಬಟ್ಟೆ, ಅದರ ಮೇಲೆ ಅಲ್ಲಾಡುವ ಒಂದೆರಡು ಎಲೆಯ ನೆರಳು.

"ಕಾಣ್ತಾ?"

"ಕಾಣ್ತು ಮಾವ."

ಮೇಷ್ಟ್ರು ಟೀ ಲೋಟವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡರು. ಅವರ ಕಾಲು ಚಪ್ಪಲಿಯಿಂದ ಹೊರಬಂದು, ಸವೆದ ಜಾಗದಲ್ಲಿ ಹಿಮ್ಮಡಿಯೂರಿ, ಎರಡನೆಯ ಬ್ರೇಕಿನ ಮೇಲೆ ಹಗುರವಾಗಿ ಕೂತಿತು.