ಆಮೇಲೆ ಹೇಳ್ತೀನಿ

ಗೋಡೆಯ ಮೇಲೆ ಏನೋ ಹಾರಿತು, ಹಕ್ಕಿಯ ನೆರಳು, ಅಲ್ಲ, ಹಕ್ಕಿಯಲ್ಲ, ಕೈ — ಕೈಮಾತಿನ ದುಭಾಷಿ ಹುಡುಗಿಯ ಕೈಯ ನೆರಳು, ಗೈಡ್ ಆಗಿ ತಾನು ಈಗಷ್ಟೇ ಬಾಯಲ್ಲಿ ಹೇಳಿದ ದೀಪ ಅವಳ ಐದು ಬೆರಳಲ್ಲಿ ಅರಳಿ, ಒಂದು ಸುತ್ತು ತಿರುಗಿ, ಮಡಚಿಕೊಂಡಿತು, ಮತ್ತು ಲೈಟ್‌ಹೌಸಿನ ಅಂಗಳದಲ್ಲಿ ಅರ್ಧಚಂದ್ರದ ಹಾಗೆ ನಿಂತ ಕಿವಿ ಕೇಳಿಸದ ಇಪ್ಪತ್ತೆರಡು ಜನ ಒಟ್ಟಿಗೆ ತಲೆಯೆತ್ತಿ ಮೇಲಿನ ದೀಪ ನೋಡಿದರು. ಈಗ ಬಾಯಿ ಮುಚ್ಚಬೇಕು, ನೋಡಿ ಮುಗಿಸುವ ತನಕ ಮುಚ್ಚಿರಬೇಕು, ಬೆಳಿಗ್ಗೆ ಬಸ್ ಹತ್ತುವಾಗಲೇ ಹುಡುಗಿ ಹೇಳಿಕೊಟ್ಟಿದ್ದಾಳೆ, ಅಣ್ಣಾ, ಹೇಳುವಾಗ ತೋರಿಸ್ಬೇಡಿ, ತೋರಿಸುವಾಗ ಹೇಳ್ಬೇಡಿ, ಇವರಿಗೆ ಕಣ್ಣೇ ಕಿವಿ, ಕಣ್ಣು ಒಂದೇ ಸಲ ಎರಡು ಕಡೆ ಇರಲ್ಲ — ಎಷ್ಟು ಸಣ್ಣ ಮಾತು, ಆರು ವರ್ಷ ಗೈಡ್ ಕೆಲಸ ಮಾಡಿದವನಿಗೆ ಹೊಳೆಯಲೇ ಇಲ್ಲ, ಜನಕ್ಕೆ ಬೆನ್ನು ಕೊಟ್ಟು ಮೆಟ್ಟಿಲು ಹತ್ತುತ್ತಾ, ಕತ್ತಲಲ್ಲಿ, ಇಂಜಿನ್ ಗದ್ದಲದಲ್ಲಿ, ವಟವಟ ವಟವಟ, ಸುಮ್ಮನೇನಾ ಡ್ರೈವರಣ್ಣ ಮೈಕು ಅಂತ ಹೆಸರಿಟ್ಟದ್ದು, ಲೇ ಮೈಕು, ನಿನ್ನ ಸ್ವಿಚ್ ಎಲ್ಲಿದೆಯೋ, ಆಫ್ ಮಾಡ್ತೀನಿ. ಇನ್ನೊಂದು ಮಾತೂ ಹೇಳಿದ್ದಳು ಹುಡುಗಿ, ನಗುತ್ತಲೇ ಹೇಳಿದ್ದಳು, ನಾನಿರೋ ಕಡೆ ಕಿವಿಗೆ ಬಿದ್ದದ್ದೆಲ್ಲ ಕೈಗೆ ಬರುತ್ತೆ, ಕೆಮ್ಮಿದ್ರೂ ಬರುತ್ತೆ, ಬೈದ್ರೂ ಬರುತ್ತೆ, ಹುಷಾರು. ಡ್ರೈವರಣ್ಣ ಹುಷಾರಾಗಲಿಲ್ಲ, ಇವತ್ತು ಹಾರ್ನ್ ಹೊಡೆದ್ರೆ ಗೋಡೆಗೆ ಹೊಡೆದಂಗೆ ಅಂತ ಗೊಣಗಿದ, ಗೊಣಗಿದ್ದೂ ಕೈಗೆ ಬಂತು, ಹಿಂದಿನ ಸೀಟಿನ ಡೊಳ್ಳುಹೊಟ್ಟೆಯವರು ಕೈಯಲ್ಲೇ ತಿರುಗೇಟು ಕೊಟ್ಟರು, ಹುಡುಗಿ ಅದನ್ನು ಬಾಯಲ್ಲಿ ಆಡಿದಳು, ಹೊಡೀರಿ ಹೊಡೀರಿ, ಹೋಗೋದು ನಿಮ್ಮ ಕಿವಿನೇ, ನಮ್ಮದೇನು ಹೋಗಲ್ಲ! ಬಸ್ಸು ಅದುರುವ ಹಾಗೆ ನಕ್ಕರು ಎಲ್ಲರೂ, ಡ್ರೈವರಣ್ಣನೂ ನಕ್ಕ, ತಾನು ಮಾತ್ರ ಬಗ್ಗಿ ಶೂ ಲೇಸು ಕಟ್ಟಿಕೊಂಡ, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿಕೊಂಡ, ಯಾಕೆಂದರೆ ಮುಂದಿನ ಸೀಟಿನಲ್ಲಿ ಟೈಲರಮ್ಮ ನಗುತ್ತಿದ್ದರು, ಆ ನಗು ಅವನಿಗೆ ಗೊತ್ತು.

ಈಗ ಅವರೇ ಕೈ ಎತ್ತಿದ್ದಾರೆ. ಅರ್ಧಚಂದ್ರದ ನಟ್ಟನಡುವೆ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ಒಂದು ಬೆರಳು ಅವನ ಕಡೆ, ಆಮೇಲೆ ಬಾಯಿಯ ಹತ್ತಿರ, ಆಮೇಲೆ ಹಿಂದಕ್ಕೆ, ಭುಜದ ಹಿಂದಕ್ಕೆ, ಹಿಂದೆ ಎಂದರೆ ಹಿಂದಿನ ಕಾಲ, ಅಷ್ಟು ಅವನಿಗೂ ಅರ್ಥವಾಯಿತು, ಹುಡುಗಿ ಟೈಲರಮ್ಮನ ಮಾತನ್ನು ಟೈಲರಮ್ಮನೇ ಆಗಿ ಹೇಳಿದಳು, ಅವತ್ತು ಬಸ್ಸಲ್ಲಿ ಎಲ್ಲರನ್ನೂ ನಗಿಸಿದ್ರಲ್ಲಪ್ಪಾ, ಏನು ಜೋಕು ಅಂತ ಕೇಳಿದ್ದಕ್ಕೆ ಆಮೇಲೆ ಹೇಳ್ತೀನಿ ಅಂದ್ರಲ್ಲ, ಆ ಆಮೇಲೆ ಇವತ್ತಾದ್ರೂ ಬಂತಾ? ಬಂತು. ಬಂದು ಎದುರಿಗೇ ನಿಂತಿದೆ. ಮೂರು ತಿಂಗಳ ಹಿಂದೆ ಇದೇ ರಸ್ತೆ, ಕಿವಿ ಕೇಳುವವರೇ ತುಂಬಿದ ಬಸ್ಸು, ಅದರಲ್ಲಿ ಇವರೊಬ್ಬರೇ, ಗೊತ್ತಿರಲಿಲ್ಲ ಎನ್ನುವಂತಿಲ್ಲ, ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದಿತ್ತು, ಕಿವಿ ಕೇಳಿಸುವುದಿಲ್ಲ ಎಂದು, ಓದಿದ್ದ, ಓದಿಯೇ ಮುಂದಿನ ಸೀಟು ಕೊಟ್ಟಿದ್ದ, ಮಹಾ ಉಪಕಾರ ಮಾಡಿದವನ ಹಾಗೆ. ಮುಳುಗಿದ ಹಡಗಿನ ಕಥೆ ಶುರು ಮಾಡಿದ್ದ, ಅವನ ತುರುಪಿನ ಎಲೆ ಅದು, ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುವ ಜಾಗ, ಅಲ್ಲಿಗೆ ಬಂದಾಗ ಮುಂದಿನ ಸೀಟು ಕಿಟಕಿಯಾಚೆ ನೋಡುತ್ತಾ ಕೂತಿತ್ತು, ನೋಡದೆ ಏನು ಮಾಡಬೇಕಿತ್ತು ಪಾಪ, ಅವನ ಮೀಸೆ ಎಣಿಸಬೇಕಿತ್ತೇ, ಆದರೆ ಅವನಿಗೆ ಚುರ್ ಎಂದಿತು, ನಾಲಿಗೆಗೆ ಎಲುಬಿಲ್ಲ, ಮೈಕು ಬಾಯಿಗೆ ಇನ್ನೂ ಹತ್ತಿರ ಹಿಡಿದ, ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಕೋಣ ತಲೆಯಾದ್ರೂ ಆಡಿಸುತ್ತೆ ಸಾರ್, ನಮ್ಮ ಮುಂದಿನ ಸೀಟು ಅದೂ ಇಲ್ಲ! ಘೊಳ್ ಎಂದಿತು ಬಸ್ಸು. ಡ್ರೈವರಣ್ಣ ಸ್ಟೀರಿಂಗ್ ತಟ್ಟಿದ. ಆ ತಟ್ಟಿದ್ದು ಟೈಲರಮ್ಮನ ಕಣ್ಣಿಗೆ ಬಿತ್ತೋ ಏನೋ, ತಿರುಗಿದರು, ಒಂದೊಂದೇ ಮುಖ ನೋಡಿದರು, ಎಲ್ಲ ಮುಖದಲ್ಲೂ ಹಲ್ಲು, ಎಲ್ಲರಿಗೂ ಖುಷಿ, ಸರಿ, ಏನೋ ಒಳ್ಳೆಯದೇ ನಡೆದಿದೆ, ಅವರೂ ನಕ್ಕರು, ಬಾಯಿ ತುಂಬಾ, ಎಲ್ಲರ ಜೊತೆ ತಾನೂ ಇದ್ದೇನೆ ಎನ್ನುವ ಹಾಗೆ, ಹೌದು ಹೌದು ಎನ್ನುವ ಹಾಗೆ, ನಗುತ್ತಾ ನಗುತ್ತಾ ತಲೆಯಾಡಿಸಿದರು. ತಲೆಯಾಡಿಸಿದರು! ಬಸ್ಸು ಇನ್ನೊಮ್ಮೆ ಬಿದ್ದು ಬಿದ್ದು ನಕ್ಕಿತು, ಮೊದಲಿನ ಎರಡರಷ್ಟು, ತಾನೂ ನಕ್ಕ, ಮೈಕಿನಲ್ಲೇ ನಕ್ಕ. ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಸಣ್ಣ ಪುಸ್ತಕದಲ್ಲಿ ಬರೆದು ಹಿಡಿದಿದ್ದರು, ಏನು ಜೋಕು? ಕೆಳಗೆ ತಾನು ಬರೆದ, ದುಂಡಗೆ, ಆಮೇಲೆ ಹೇಳ್ತೀನಿ.

ಅಲ್ಲಿಗೆ ಮುಗಿದಿದ್ದರೆ ಮುಗಿದಿತ್ತು, ಆದರೆ ಅವರು ಆಫೀಸಿಗೆ ಪತ್ರ ಬರೆದರು, ನಿಮ್ಮ ಗೈಡ್ ಹುಡುಗ ಬಹಳ ಒಳ್ಳೆಯವನು, ಎಲ್ಲರನ್ನೂ ನಗಿಸುತ್ತಾನೆ, ಕೈಮಾತಿನವರೊಬ್ಬರು ಜೊತೆಗಿದ್ದರೆ ನಾವೂ ನಗುತ್ತೇವೆ, ನಾವು ಇಪ್ಪತ್ತೆರಡು ಜನ ಇದ್ದೇವೆ — ಆಫೀಸಿನ ಮೇಡಂ ಅದನ್ನು ನಿಂತುಕೊಂಡು ಎಲ್ಲರಿಗೂ ಓದಿ ಹೇಳಿದರು, ನೋಡ್ರಪ್ಪಾ ಇವನನ್ನ ನೋಡಿ ಕಲೀರಿ, ಚಪ್ಪಾಳೆ, ದುಭಾಷಿ ಹುಡುಗಿಯನ್ನು ಹುಡುಕಿ ಕರೆಸಿದರು, ಬಸ್ಸಿಗೆ ಹೊರಡುವ ಹೊತ್ತು ತೋರಿಸುವ ಬೋರ್ಡು ಹಾಕಿಸಿದರು, ಸೀಟಿಯ ಬದಲು ಹಸಿರು ಬಾವುಟ ತಂದರು, ಎಲ್ಲಾ ಆ ಪತ್ರದಿಂದ, ಎಲ್ಲಾ ಆ ಜೋಕಿನಿಂದ, ಆಫೀಸಿನ ಗೋಡೆಯಲ್ಲಿ ಅವನ ಫೋಟೊ. ಅದರ ಒಂದು ಪ್ರತಿ ಅಮ್ಮ ಮನೆಯ ಕನ್ನಡಿಯ ಪಕ್ಕ ಅಂಟಿಸಿದ್ದಾಳೆ, ಗಡ್ಡ ಕೆರೆಯುವಾಗ ಎರಡೆರಡು ಮುಖ, ಒಂದನ್ನೂ ನೋಡಲಾಗದೆ ಗಲ್ಲ ಕುಯ್ದುಕೊಂಡಿದ್ದಾನೆ ಮೂರು ಸಲ, ಪಕ್ಕದ ಮನೆಯವರಿಗೆ ಅಮ್ಮ ಹೇಳುವುದು ಕೇಳಿಸುತ್ತದೆ, ನನ್ನ ಮಗ ಮಾತಾಡಿದ್ರೆ ಕಿವುಡ್ರಿಗೂ ಕೇಳಿಸುತ್ತೆ ಕಣ್ರೀ. ಅಯ್ಯೋ ಸುಮ್ನಿರಮ್ಮ. ಇವನಿಗೆ ನಾಚಿಕೆ ನೋಡಿ! ಹೌದು ಅಮ್ಮ ನಾಚಿಕೆ, ನೀನಂದುಕೊಂಡ ನಾಚಿಕೆಯಲ್ಲ.

ಗಿಳಿ ಜೋಕು ಹೇಳಿಬಿಡಲೇ, ಗಿಳಿ ಮತ್ತು ಟಿಕೆಟ್ ಕಲೆಕ್ಟರು, ಯಾರಿಗೂ ನೋವಿಲ್ಲ, ಕೈಯಲ್ಲಿ ಚೆನ್ನಾಗಿಯೂ ಇರುತ್ತದೆ, ಕೊಕ್ಕು, ರೆಕ್ಕೆ, ಯಾರಿಗೆ ಗೊತ್ತಾಗುತ್ತದೆ, ಅವತ್ತಿನ ಬಸ್ಸಿನವರು ಇಲ್ಲಿ ಯಾರೂ ಇಲ್ಲ, ಡ್ರೈವರಣ್ಣ ಒಬ್ಬ, ಬಸ್ಸಿನ ಬಾಗಿಲಿಗೆ ಒರಗಿ ನಿಂತು ಕಣ್ಣಲ್ಲೇ ಹೇಳುತ್ತಿದ್ದಾನೆ, ಬೇರೆ ಏನಾದ್ರೂ ಬಿಡೋ ಮಾರಾಯ, ಬಾಯಿ ಬಿಟ್ಟು ಹೇಳುವಂತಿಲ್ಲ, ಹೇಳಿದರೆ ಕೈಗೆ ಬರುತ್ತದೆ. ಗಿಳಿಯೇ ಸರಿ, ಇವರ ಕಿವಿಯ ಮೇಲೆ ಹೂವಿಟ್ಟು — ಥೂ, ಮಾತು ಮಾತಿಗೂ ಕಿವಿ, ಅಂದುಕೊಳ್ಳುವುದಕ್ಕೂ ಬೇರೆ ಮಾತಿಲ್ಲವೇ ಇವನಿಗೆ, ಹೇಳಿಬಿಡು, ಒಂದು ಗಿಳಿ ಇತ್ತಂತೆ, ಎನ್ನುವಷ್ಟರಲ್ಲಿ ಟೈಲರಮ್ಮನ ಕೈ ಮತ್ತೆ ಆಡಿತು, ಹುಡುಗಿ ಮತ್ತೆ ಟೈಲರಮ್ಮನಾದಳು, ಇವರಿಗೆಲ್ಲ ಹೇಳಿ ಕರ್ಕೊಂಡು ಬಂದಿದ್ದೀನಪ್ಪಾ, ಅವತ್ತು ಎಲ್ಲರೂ ನಕ್ಕರು ಅಂತ ನಾನೂ ನಕ್ಕೆ, ಗೊತ್ತಿಲ್ಲದೇ ನಕ್ಕೆ, ಹುಟ್ಟಿದಾಗಿಂದ ಹಾಗೇ, ಮನೆಯಲ್ಲೂ ಹಾಗೇ, ಮದುವೆ ಮನೆಯಲ್ಲೂ ಹಾಗೇ, ಕೇಳಿದ್ರೆ ಆಮೇಲೆ ಹೇಳ್ತೀನಿ ಅಂತಾರೆ, ಯಾರೂ ಹೇಳಲ್ಲ, ನೀವೊಬ್ರು ಹೇಳ್ತೀರಿ ಅನ್ನಿಸ್ತು, ಇವತ್ತು ಗೊತ್ತಾಗಿ ನಗಬೇಕು. ಗೊತ್ತಾಗಿ. ಡೊಳ್ಳುಹೊಟ್ಟೆಯವರು ಕೈ ಉಜ್ಜಿಕೊಂಡರು, ಬಿಡ್ರೀ ಬೇಗ ಎನ್ನುವ ಹಾಗೆ. ಗಿಳಿ ಗಂಟಲಲ್ಲೇ ಸಿಕ್ಕಿಕೊಂಡಿತು. ಈ ಹುಡುಗಿಯ ಕೈಯಿಂದಲೂ ಸುಳ್ಳು ಹೇಳಿಸಬೇಕು ತಾನು, ಅವರು ಅದನ್ನು ನಂಬಬೇಕು, ನಂಬಿ ನಗಬೇಕು, ಮತ್ತೆ ಗೊತ್ತಿಲ್ಲದೇ, ಸಾಯುವ ತನಕ ಗೊತ್ತಿಲ್ಲದೇ. ಮೈಕು ಕೈಯಲ್ಲಿತ್ತು, ಇವರಿಗೆ ಯಾಕೆ ಮೈಕು, ಅಭ್ಯಾಸಬಲ, ಅದನ್ನು ಕೆಳಗಿಳಿಸಿದ, ಅಮ್ಮಾ ಅದು ನಿಮ್ಮ ಮೇಲೆ ಮಾಡಿದ ಜೋಕು, ಎಂದನೇ, ಇಲ್ಲ, ಅದನ್ನು ಮೊದಲು ಹೇಳಬೇಕಿತ್ತು, ಹೇಡಿ, ಮೊದಲು ಜೋಕು ಹೇಳಿಬಿಟ್ಟ, ಹೇಳಿದ ಹಾಗೆಯೇ ಹೇಳಿದ, ಕೋಣ, ಕಿನ್ನರಿ, ತಲೆ, ಮುಂದಿನ ಸೀಟು, ಆಮೇಲೇ ಸೇರಿಸಿದ ಅದು ನಿಮ್ಮನ್ನೇ ಅಮ್ಮಾ, ಗೊತ್ತಿದ್ದೂ ಅಂದೆ, ಎಲ್ಲವನ್ನೂ ಒಂದೇ ಉಸಿರಿಗೆ, ಬಾಯಿ ಖಾಲಿಯಾಯಿತು. ಹುಡುಗಿ ಅವನತ್ತ ತಿರುಗಿ ನೋಡಿದಳು, ಅವಳಿಗೆ ಕಿವಿಯಿದೆ, ಅವಳಿಗೆ ಆಗಲೇ ಪೂರ್ತಿ ಗೊತ್ತು, ಅವಳ ಮುಖದ ನಗು ಒರೆಸಿದ ಹಾಗೆ ಹೋಯಿತು, ಹೇಳಲೇಬೇಕಾ ಅಣ್ಣಾ ಎಂದು ಕೇಳುವ ಹಾಗೆ ನಿಂತಳು, ಆದರೆ ಕಿವಿಗೆ ಬಿದ್ದದ್ದೆಲ್ಲ ಕೈಗೆ ಬರಬೇಕು, ಕೈ ಎತ್ತಿದಳು, ಎರಡೂ ಕೈ, ಹಣೆಯ ಎರಡು ಪಕ್ಕಕ್ಕೆ, ಬೆರಳು ಬಾಗಿ ಹಿಂದಕ್ಕೆ ಹೊರಳಿದವು, ಕೊಂಬು, ಕೋಣ, ಅಷ್ಟೇ ಬಂದಿದೆ ಇನ್ನೂ, ಕೋಣ ಮಾತ್ರ ಬಂದಿದೆ, ಯಾರು ಕೋಣ ಎನ್ನುವುದು ಬಂದಿಲ್ಲ, ಮತ್ತು ಟೈಲರಮ್ಮ ಆ ಕೊಂಬನ್ನು ನೋಡುತ್ತಿದ್ದಾರೆ, ಕತ್ತು ಸ್ವಲ್ಪ ಮುಂದೆ ಚಾಚಿ, ಕಣ್ಣು ಅರಳಿಸಿ, ಬಾಯಿ ಆಗಲೇ ತೆರೆದುಕೊಳ್ಳುತ್ತಿದೆ, ನಗುವುದಕ್ಕೆ —