ಆರಾಧ್ಯರು ಓದಿದ ನೂರೈವತ್ತು ವಾಕ್ಯಗಳು

ಮೈಕಿನಲ್ಲಿ ಆರಾಧ್ಯರು "ಪ್ರಯಾಣಿಕರ ಗಮನಕ್ಕೆ" ಎಂದರೆ ಸಾಕು, ನಮ್ಮೂರ ಬಸ್ ನಿಲ್ದಾಣದ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದು, ಒಂದು ಸುತ್ತು ಹಾರಿ, ಮತ್ತೆ ಬಂದು ಕೂರುತ್ತಿದ್ದವು. ಎಷ್ಟು ಪಾರಿವಾಳ ಎಂದು ಕೇಳಿದರೆ ನಾನು ನಾಲ್ಕು ಸಾವಿರ ಎನ್ನುತ್ತೇನೆ. ನಲವತ್ತು ಎನ್ನುವವರೂ ಇದ್ದಾರೆ. ಅವರು ಎಣಿಸುವ ಹೊತ್ತಿಗೆ ಉಳಿದವು ಹಾರಿಹೋಗಿದ್ದಿರಬೇಕು.

ಆ ನಿಲ್ದಾಣದ ಎರಡನೆಯ ಕಂಬದ ಪಕ್ಕದಲ್ಲಿ, ಮೂರಡಿ ಅಗಲದ ಗೂಡಿನಲ್ಲಿ, ನನ್ನ ಮೊಬೈಲ್ ರಿಪೇರಿ ಅಂಗಡಿಯಿತ್ತು. ಈಗ ಆ ತಗಡೂ ಇಲ್ಲ, ನನ್ನ ಗೂಡೂ ಇಲ್ಲ. ಮೂರಡಿಯೆಂದು ಹಗುರವಾಗಿ ನೋಡಬಾರದು. ಬಾವಿಗೆ ಬಿದ್ದ ಫೋನು, ಟ್ರ್ಯಾಕ್ಟರ್ ಹತ್ತಿದ ಫೋನು, ಎಮ್ಮೆ ನುಂಗಿ ಮರುದಿನ ಹಿಂದಿರುಗಿಸಿದ ಫೋನು, ಎಲ್ಲವೂ ಅಲ್ಲಿ ಜೀವ ಪಡೆದು ಹೋಗಿವೆ. ಹೊಸ ಆಪರೇಟಿಂಗ್ ಸಿಸ್ಟಮ್ ಬಂದ ವರ್ಷವಂತೂ ನನ್ನ ಕೀರ್ತಿ ಏಳು ಹೋಬಳಿಗೆ ಹಬ್ಬಿತು. ಬೆಳಿಗ್ಗೆ ಹತ್ತಕ್ಕೆ ಅದು ಫೋನಿಗಿಳಿಯಿತು. ಹತ್ತೂಕಾಲಿಗೆ, ಅದನ್ನು ಮಾಡಿದವರಿಗೂ ತಿಳಿಯದ್ದು ನನಗೆ ತಿಳಿದಿತ್ತು. ಫೋನಿನ ಬೆನ್ನಿಗೆ ಎರಡು ಸಲ ತಟ್ಟಿದರೆ ಟಾರ್ಚ್ ಹೊತ್ತಿಕೊಳ್ಳುತ್ತದೆಂದು ಕಂಡಕ್ಟರುಗಳಿಗೆ ಕಲಿಸಿದೆ. ಕ್ಯಾಮೆರಾ ಹಿಡಿದರೆ ಮಾತ್ರೆಯ ಹಾಳೆಯ ಸಣ್ಣಕ್ಷರವನ್ನೂ ಅದು ಗಟ್ಟಿಯಾಗಿ ಓದುತ್ತದೆಂದು ಕಣ್ಣು ಮಂಜಾದ ಹೂವಿನ ಅಜ್ಜಿಗೆ ತೋರಿಸಿದೆ. ಕಿವಿ ಕೇಳದ ಹೋಟೆಲಿನ ಅಡುಗೆಯವನಿಗೆ, ಕುಕ್ಕರ್ ಕೂಗಿದರೆ ಜೇಬಿನಲ್ಲಿ ಫೋನು ನಡುಗುವಂತೆ ಮಾಡಿಕೊಟ್ಟೆ. ಅಂದಿನಿಂದ ಆ ಹೋಟೆಲಿನ ಬೇಳೆ ತಳ ಹಿಡಿದಿಲ್ಲ. ರುಚಿ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಸಿಸ್ಟಮ್ಮಿನಲ್ಲಿ ಮದ್ದಿರಲಿಲ್ಲ.

ಒಂದು ಮಧ್ಯಾಹ್ನ ಆರಾಧ್ಯರು ನನ್ನ ಅಂಗಡಿಯೆದುರು ಬಂದು ನಿಂತರು. ಮೂವತ್ತೊಂದು ವರ್ಷ ಬಸ್ಸುಗಳ ವೇಳೆ ಕೂಗಿದ ಮನುಷ್ಯ. ಮೈಕಿನ ಮುಂದೆ ಅವರದು ಕಂಚಿನ ಕಂಠ. ಅಲ್ಲಿಂದ ಎರಡು ಹೆಜ್ಜೆ ಈಚೆ ಬಂದರೆ ಮಾತು ತಡೆದು ತಡೆದು ಬರುತ್ತಿತ್ತು. ಅದಕ್ಕೇ ಅವರು ಹೊರಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಊರಿನವರು ಅದನ್ನು ಗತ್ತು ಎಂದುಕೊಂಡಿದ್ದರು.

"ಗ... ಗಂಟಲಲ್ಲಿ ಗಡ್ಡೆ ಕಣಯ್ಯ," ಎಂದರು. "ಮುಂದಿನ ವಾರ ಧ್ವನಿಪೆಟ್ಟಿಗೇನೇ ತೆಗೀತಾರಂತೆ. ಆಮೇಲೆ ಮಾ... ಮಾತಿಲ್ಲ."

"ಮಾತಿಲ್ಲ ಅಂದೋರ್ಯಾರು? ಆ ಡಾಕ್ಟ್ರು ನನ್ನನ್ನ ಒಂದು ಮಾತು ಕೇಳಿದ್ರಾ ಸ್ವಾಮಿ?" ಎಂದೆ.

ಹೊಸ ಸಿಸ್ಟಮ್ಮಿನಲ್ಲಿ ಅದಕ್ಕೂ ದಾರಿಯಿತ್ತು. ತೆರೆಯ ಮೇಲೆ ಬರುವ ನೂರೈವತ್ತು ವಾಕ್ಯಗಳನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಫೋನನ್ನು ಒಂದು ದಿನ ಚಾರ್ಜಿಗಿಟ್ಟರೆ ಅದು ಆ ಧ್ವನಿಯನ್ನು ಕಲಿತುಬಿಡುತ್ತದೆ. ಮುಂದೆ ಏನು ಟೈಪ್ ಮಾಡಿದರೂ ಓದಿದವರ ಧ್ವನಿಯಲ್ಲೇ ಆಡುತ್ತದೆ. ವಿವರಿಸಿ ಮುಗಿಸಿದಾಗ ಆರಾಧ್ಯರ ಕಣ್ಣು ತುಂಬಿತ್ತು.

"ಬಸ್ಸಿಗೆ ಬೇರೆ ಯಾರಾದ್ರೂ ಕೂಗ್ತಾರೆ ಬಿಡು," ಎಂದರು. "ನಮ್ಮ ಮ... ಮನೆಯವಳಿಗೆ ಕೇಳಿಸ್ಬೇಕು. ಅಷ್ಟೇ."

ಆ ಮಾತನ್ನು ನಾನು ಕೇಳಿಸಿಕೊಂಡೆ. ಕಿವಿಗೆ ಹಾಕಿಕೊಂಡೆನೇ ಹೊರತು ತಲೆಗೆ ಹಾಕಿಕೊಳ್ಳಲಿಲ್ಲವೆಂದು ಈಗ ಅನ್ನಿಸುತ್ತದೆ.

ಭಾನುವಾರ ಅವರ ಹೆಂಡತಿ ಮಂಗಳಕ್ಕ ತಂಗಿಯ ಮನೆಗೆ ಹೋದ ಹೊತ್ತು ನೋಡಿ, ಆರಾಧ್ಯರ ಮನೆಯಲ್ಲೇ ನಾವು ಶುರುಮಾಡಿದೆವು. ಮೊದಲ ಹನ್ನೆರಡು ವಾಕ್ಯಗಳಲ್ಲಿ ಒಂದೂ ಸಲೀಸಾಗಿ ಬರಲಿಲ್ಲ. "ಮಳೆ ನಿಂತ ಮೇಲೆ ಮಕ್ಕಳು ಮನೆಗೆ ಬಂದರು" ಎನ್ನುವಷ್ಟರಲ್ಲಿ, ನಿಜವಾದ ಮಕ್ಕಳಾಗಿದ್ದರೆ ಊಟ ಮಾಡಿ ಮಲಗಿರುತ್ತಿದ್ದರು.

"ಹೀಗೆ ಓದಿದ್ರೆ ಫೋನೂ ಹೀಗೇ ಕಲಿಯುತ್ತೆ ಸ್ವಾಮಿ," ಎಂದು ನಾನು ಎದ್ದೆ. ಅಡುಗೆಮನೆಯಿಂದ ಮಜ್ಜಿಗೆ ಕಡೆಯುವ ಕಡಗೋಲು ತಂದು, ಅಕ್ಕಿ ತುಂಬಿದ ಸೇರಿನಲ್ಲಿ ತಲೆ ಮೇಲಾಗಿ ನಿಲ್ಲಿಸಿ, ಅವರ ಬಾಯಿಯ ಮುಂದಿಟ್ಟೆ. "ಇದೇ ಮೈಕು. ಬಸ್ ಬಂದು ನಿಂತಿದೆ. ಕೂಗಿ."

ಆರಾಧ್ಯರು ಕಾಲರ್ ಎಳೆದುಕೊಂಡು, ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ ನೋಡಬೇಕಿತ್ತು. ಮಳೆ ನಿಂತಿತು, ಮಕ್ಕಳು ವೇಳೆಗೆ ಸರಿಯಾಗಿ ಮನೆಗೆ ಬಂದರು. ಎದುರುಮನೆಯ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಎರಡೇ ಇದ್ದವು, ಇಲ್ಲಿ ನಾನು ಹೆಚ್ಚಿಸಿ ಹೇಳುತ್ತಿಲ್ಲ.

ಕೊನೆಯಲ್ಲಿ ಆ ಮೊದಲ ಹನ್ನೆರಡನ್ನು ಅಳಿಸಿ ಮತ್ತೆ ಓದಿಸಿದೆ. "ಇ... ಇರ್ಲಿ ಬಿಡಯ್ಯ, ಅವೂ ನಾನೇ ಓದಿದ್ದಲ್ವಾ," ಎಂದರು. ನನ್ನ ಕೈಯ ಕೆಲಸದಲ್ಲಿ ಒಂದು ಕಲೆಯೂ ಉಳಿಯಬಾರದೆಂದು ನಾನು ಒಪ್ಪಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರು ವಾರದ ಮೇಲೆ, ಹೊಗಳಿಸಿಕೊಳ್ಳಲೆಂದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವರ ಮನೆಗೆ ಹೋದೆ. ಆರಾಧ್ಯರು ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಅಲ್ಲಿಂದ ಅಡುಗೆಮನೆಯ ಒಲೆ ನೇರವಾಗಿ ಕಾಣುತ್ತಿತ್ತು. ಮಂಗಳಕ್ಕ ಅಲ್ಲಿ ನಿಂತು ಏನೋ ಹುರಿಯುತ್ತಿದ್ದರು. ಫೋನಿನ ಧ್ವನಿಯನ್ನು ಅವರು ಇನ್ನೂ ಕೇಳಿರಲಿಲ್ಲ; ಆರಾಧ್ಯರು ನನಗಾಗಿ ಕಾದಿದ್ದರು. ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಒತ್ತಿದರು.

"ಮಂಗಳಾ, ಬಂದವರಿಗೆ ಕಾಫಿ ಕೊಡು," ಎಂದಿತು ಫೋನು. ಅದೇ ಕಂಚು. ಒಂದೊಂದು ಪದದ ನಡುವೆಯೂ ಬಸ್ಸು ತಿರುಗುವಷ್ಟು ಜಾಗ.

ಮಂಗಳಕ್ಕ ಹುಡುಗಿಯಂತೆ ಓಡಿ ಬರುತ್ತಾರೆಂದುಕೊಂಡಿದ್ದೆ. ಹೊರಗಿನವರು ಯಾರೋ ಬಂದರೆಂಬಂತೆ ಅವರು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ಆಮೇಲೆ ನಕ್ಕರು.

"ಎಷ್ಟನೇ ಪ್ಲಾಟ್‌ಫಾರಮ್ಮಿಗೆ ತರ್ಬೇಕಂತೆ?"

ಮೂವರೂ ನಕ್ಕೆವು. ಉಳಿದಿಬ್ಬರ ನಗು ನಿಂತ ಮೇಲೂ ನನ್ನದು ಸ್ವಲ್ಪ ಹೊತ್ತು ನಡೆಯಿತು.

"ಹಿಡಿಸ್ಲಿಲ್ವಾ ಅಕ್ಕ?" ಎಂದೆ.

"ಚೆನ್ನಾಗಿದೆ ಕಣಪ್ಪ. ಬಸ್‌ಸ್ಟ್ಯಾಂಡಲ್ಲಿ ಕೇಳಿದೀನಲ್ಲ, ಅದೇ." ಅವರು ಬಾಣಲೆಯನ್ನೇ ನೋಡುತ್ತ ಹೇಳಿದರು. "ಇವ್ರು ಯಾವತ್ತೂ ನನ್ನನ್ನ ಒಂದೇ ಸಲಕ್ಕೆ ಕರೆದೋರಲ್ಲ ನೋಡು. ಮೊದಲ್ನೇ 'ಮ'ಕ್ಕೆ ಒಲೆ ಸಣ್ಣ ಮಾಡ್ತಿದ್ದೆ. ಎರಡನೇದಕ್ಕೆ ಕೈ ಒರೆಸ್ಕೊಳ್ತಿದ್ದೆ. ಹೆಸರು ಮುಗಿಯೋ ಹೊತ್ತಿಗೆ ಹತ್ರ ಬಂದಾಗಿರ್ತಿತ್ತು."

ನಾನು ಫೋನನ್ನು ಕೈಗೆತ್ತಿಕೊಂಡೆ. ಆ ಹನ್ನೆರಡು ವಾಕ್ಯಗಳು ಎಲ್ಲಾದರೂ ಉಳಿದಿವೆಯೇ ಎಂದು ಒಂದೊಂದು ಮೂಲೆಯನ್ನೂ ಹುಡುಕಿದೆ. ಎಮ್ಮೆಯ ಹೊಟ್ಟೆಯಿಂದ ಬಂದ ಫೋನನ್ನು ಎಬ್ಬಿಸಿದ್ದ ಕೈಗೆ ಅಳಿಸಿದ ಮಾತನ್ನು ಎಬ್ಬಿಸಲಾಗಲಿಲ್ಲ.

"ಏನೋ ಹುಡುಕ್ತಿದೀಯಾ?" ಮಂಗಳಕ್ಕ ಕೇಳಿದರು.

"ಏನಿಲ್ಲಕ್ಕ, ಸೆಟ್ಟಿಂಗು," ಎಂದೆ. ಬದುಕಿನಲ್ಲಿ ಲಕ್ಷ ಸುಳ್ಳು ಹೇಳಿದ್ದೇನೆ. ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದು ಅದೊಂದೇ.

ಆರಾಧ್ಯರಿಗೆ ತಿಳಿಯಿತು. ಕೈ ಚಾಚಿ ನನ್ನಿಂದ ಫೋನನ್ನು ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದರು. ಬಯ್ಯುತ್ತಾರೇನೋ, ಬಯ್ದರೂ ಹೇಗೆ ಬಯ್ಯುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಅವರು ನನ್ನತ್ತ ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿ ಕೂತರು.

ಅವರ ತುಟಿಗಳೆರಡೂ ಕೂಡಿ, ಬಿಚ್ಚಿಕೊಂಡವು. ಸದ್ದಿಲ್ಲ, ಕುತ್ತಿಗೆಯ ಬಟ್ಟೆ ಮಾತ್ರ ಉಸಿರಿಗೆ ಅಲುಗಿತು. ಮಂಗಳಕ್ಕನ ಸೌಟು ನಿಂತಿತು. ತುಟಿಗಳು ಮತ್ತೆ ಕೂಡಿದವು, ಅಲ್ಲೇ ಕ್ಷಣಹೊತ್ತು ಸಿಕ್ಕಿಕೊಂಡಿದ್ದು ಬಿಚ್ಚಿಕೊಂಡವು. ಅಷ್ಟರಲ್ಲಿ ಮಂಗಳಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಹೊಸಿಲು ದಾಟಿದ್ದರು. ಮೂರನೆಯ ಸಲಕ್ಕೆ ಆರಾಧ್ಯರ ತುಟಿಗಳು ಕೂಡಿ, ಹೆಸರಿನುದ್ದಕ್ಕೂ ತೆರೆದವು.

"ಬಂದೆ, ಹೇಳಿ," ಎಂದರು ಮಂಗಳಕ್ಕ, ಅಷ್ಟರಲ್ಲಾಗಲೇ ಕುರ್ಚಿಯ ಪಕ್ಕದಲ್ಲಿ ನಿಂತು.

ಆರಾಧ್ಯರು ಇನ್ನೇನೋ ಆಡಿದರು. ಅದು ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ. ಒಳಗೆ ಬಾಣಲೆಯ ಕೆಳಗೆ, ಯಾವಾಗ ತಗ್ಗಿಸಿದರೋ, ನೀಲಿ ಉರಿ ಸಾಸಿವೆಯಷ್ಟಾಗಿ ಉರಿಯುತ್ತಿತ್ತು.