ಗಾಜಿನ ಮೇಲಿನ ಗುರುತು

“ನನ್ನ ಟೇಪೆಲ್ಲಿ?”

ಅರ್ನುಲ್ಫ್ ಚುಕ್ಕಾಣಿಕೋಣೆಯ ಮುಂದಿನ ಗಾಜನ್ನು ಅಂಗೈಯಿಂದ ತಡಕುತ್ತಿದ್ದ. ಗಾಜು ಎಷ್ಟು ಶುಭ್ರವಾಗಿತ್ತೆಂದರೆ, ಆಚೆ ಹಾರುತ್ತಿದ್ದ ಕಡಲಹಕ್ಕಿ ನೇರ ಒಳಬಂದು ಅವನ ಹೆಗಲ ಮೇಲೆ ಕೂರಬಹುದಿತ್ತು.

“ಯಾವ ಟೇಪು, ಕಪ್ತಾನ್ರೇ?” ಎಂದಳು ಪಕ್ಕದಲ್ಲಿ ನಿಂತಿದ್ದ ಇಂಗ್ವಿಲ್. ಅವನು ನಿವೃತ್ತನಾದ ಮೇಲೆ ಜನ, ವಾಹನಗಳನ್ನು ದ್ವೀಪಕ್ಕೆ ದಾಟಿಸುವ ಈ ಫೆರ್ರಿ ಹಡಗು ಅವಳ ಕೈಯಲ್ಲಿತ್ತು.

“ಕೆಂಪು ಟೇಪು. ಹೆಬ್ಬೆರಳಷ್ಟು. ನನ್ನ ಮೂರನೇ ಕಣ್ಣು!”

ಇಂಗ್ವಿಲ್‌ಳ ಮುಖ ಬಿಳಿಚಿತು. “ನಿನ್ನೆ ಎಲ್ರೂ ಸೇರಿ ಕೋಣೆ ತೊಳೆದ್ವಿ. ಟೊರುನ್ ಕೊನೇ ಸಲ ಬರ್ತಿದ್ದಾರೆ, ಕೋಣೆ ಅವ್ರು ನಕ್ಷೇಲಿ ಬರೆದ ಹಾಗೇ ಇರ್ಲಿ ಅಂತ, ನಾವು ಅಂಟಿಸಿದ್ದನ್ನೆಲ್ಲ ಕಿತ್ತು ಬಿಸಾಕಿದ್ವಿ.”

ಕೆಳಗೆ ವಾಹನಗಳ ಅಟ್ಟದಲ್ಲಿ ಕಪ್ಪು ಕಾರು, ಕಾರಿನೊಳಗೆ ಬಿಳಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಅರ್ನುಲ್ಫ್‌ನ ಹೆಂಡತಿ ಟೊರುನ್. ಮುಂದೆ ಟೆರ್ನ್‌ಹೋಲ್ಮ್ ದ್ವೀಪ; ಅವಳು ಹುಟ್ಟಿದ್ದು ಅಲ್ಲಿ, ಮಣ್ಣಾಗಬೇಕಾದದ್ದೂ ಅಲ್ಲೇ. ಆಸ್ಪತ್ರೆಯಲ್ಲಿ ಅವಳು ಗಂಡನನ್ನು ಕೇಳಿಕೊಂಡದ್ದು ಒಂದೇ. “ನನ್ನನ್ನು ಊರಿಗೆ ಒಯ್ಯುವ ದಿನ ಹಡಗನ್ನು ದಡದ ಕಟ್ಟೆಗೆ ನೀನೇ ತಾಗಿಸು. ಕುಲುಕಬೇಡ ಮಾರಾಯ. ಬದುಕಿಡೀ ಕುಲುಕಿಸಿಕೊಂಡದ್ದು ಸಾಕಾಗಿದೆ.”

ಅರ್ನುಲ್ಫ್ ಎದೆಯುಬ್ಬಿಸಿ ಮಾತು ಕೊಟ್ಟಿದ್ದ. ಅವನು ಹಡಗು ತಾಗಿಸಿದರೆ ಕಟ್ಟೆಗೇ ಗೊತ್ತಾಗುತ್ತಿರಲಿಲ್ಲ. ತೂಕಡಿಸುತ್ತಿದ್ದ ಪ್ರಯಾಣಿಕರು ದ್ವೀಪ ಬಂದದ್ದೇ ತಿಳಿಯದೆ ಅದೇ ಫೆರ್ರಿಯಲ್ಲಿ ವಾಪಸು ಹೋಗಿ ಹೆಂಡಿರಿಂದ ಬೈಸಿಕೊಂಡದ್ದುಂಟು. ಆದರೆ ಅದೆಲ್ಲ ಆ ಟೇಪಿನ ಮಹಿಮೆ.

* * *

ಫೆರ್ರಿ ಹೊಸತಾಗಿದ್ದಾಗ ಟೊರುನ್ ಇದೇ ಕೋಣೆಯ ಮೂಲೆಯಲ್ಲಿ ಬಕೆಟ್ಟೊಂದನ್ನು ತಬ್ಬಿಕೊಂಡು ನಿಂತಿದ್ದಳು. ಚುಕ್ಕಾಣಿಕೋಣೆಗಳ ವಿನ್ಯಾಸ ಮಾಡುವುದು ಅವಳ ಕೆಲಸ. ಹಡಗು ಹತ್ತಿದೊಡನೆ ವಾಂತಿ ಮಾಡುವುದು ಅವಳ ಹಣೆಬರಹ. ನಾರ್ವೆಯ ಅಷ್ಟುದ್ದ ಕರಾವಳಿಯಲ್ಲಿ ಅವಳು ಕಕ್ಕದ ಕೊಲ್ಲಿಯಿರಲಿಲ್ಲ. ಅವಳು ಬರುವ ಸುದ್ದಿ ಸಿಕ್ಕರೆ ಮೀನುಗಳು ಮಧ್ಯಾಹ್ನದ ಊಟ ಬಿಟ್ಟು ಕಾಯುತ್ತಿದ್ದವು. ಆದರೂ ಹತ್ತುತ್ತಿದ್ದಳು. ಕಂಪ್ಯೂಟರಿನಲ್ಲಿ ಸರಿಕಂಡದ್ದು ಅಲೆಯ ಮೇಲೆ, ನಿದ್ದೆಗೆಟ್ಟ ಮನುಷ್ಯನ ಕಣ್ಣಿಗೂ ಸರಿಕಾಣುತ್ತದೆಯೇ ಎಂದು ನೋಡದೆ ಅವಳಿಗೆ ಸಮಾಧಾನವಿರಲಿಲ್ಲ.

“ಈ ಕುರ್ಚೀಲಿ ಕೂತ್ರೆ ಕಟ್ಟೆ ಅಂಚೇ ಕಾಣಲ್ಲ,” ಎಂದ ಅರ್ನುಲ್ಫ್.

“ಕಾಣ್ಬೇಕಲ್ಲ! ಓಲಾನ್ನ ಕೂರಿಸಿ ನೋಡಿದ್ದೀನಿ.” ಓಲಾ ಎಂದರೆ ಅವಳ ಕಂಪ್ಯೂಟರಿನೊಳಗಿನ ಗೊಂಬೆಮನುಷ್ಯ. ಹಡಗಿನ ಪಟಸ್ತಂಭದಷ್ಟು ನೆಟ್ಟಗೆ, ಹೊಟ್ಟೆಯೆಂಬುದೇ ಇಲ್ಲ.

“ಹಾಗಾದ್ರೆ ಓಲಾನೇ ಹಡಗು ನಡೆಸ್ಲಿ ಬಿಡು. ನಾನು ಕೆಳಗೆ ಸ್ವೇಲೆ ದೋಸೆ ತಿನ್ಕೊಂಡಿರ್ತೀನಿ.”

ಟೊರುನ್ ಬಕೆಟ್ಟು ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅದಕ್ಕೆ ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಅರ್ನುಲ್ಫ್ ಉಪ್ಪುಮೀನಿನ ಪೀಪಾಯಿಯಂತಿದ್ದ. ಪೀಪಾಯಿಯೇ ತುಸು ಎತ್ತರ. ಅವನ ಬೆನ್ನ ಹಿಂದೆ ಬಗ್ಗಿ, ಗಲ್ಲವನ್ನು ಅವನ ಹೆಗಲಿಗಿಟ್ಟು, ಅವನ ಕಣ್ಣಿನ ಮಟ್ಟದಿಂದ ಹೊರಗೆ ನೋಡಿದಳು. ಕೈಚಾಚಿ ಗಾಜಿಗೊಂದು ಕೆಂಪು ಟೇಪು ಹಚ್ಚಿದಳು.

“ಕಟ್ಟೆ ಮೇಲಿನ ಬಾವುಟದ ಕಂಬ ಇದರ ಹಿಂದೆ ಅಡಗಿತಾ, ಎಂಜಿನ್ ನಿಲ್ಲಿಸು. ಆಮೇಲಿಂದು ಹಡಗೇ ನೋಡ್ಕೊಳ್ಳುತ್ತೆ,” ಎಂದವಳೇ ತಿರುಗಿ ಬಕೆಟ್ಟಿಗೆ ಶರಣಾದಳು. ಆ ಕ್ಷಣದಲ್ಲೇ ಅರ್ನುಲ್ಫ್ ಅವಳನ್ನು ಮದುವೆಯಾಗಲು ನಿಶ್ಚಯಿಸಿದ.

ಕುರ್ಚಿ ಎತ್ತರಿಸಿಕೊಡುತ್ತೇನೆಂದು ಆಮೇಲೆ ಅವಳು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಬದಲಾದದ್ದು ಓಲಾ. ಕಂಪ್ಯೂಟರಿನಲ್ಲಿ ಅವನು ಕುಳ್ಳಾದ, ಅವನಿಗೆ ಹೊಟ್ಟೆ ಬಂತು. ಉತ್ತರಧ್ರುವದವರೆಗಿನ ಹಡಗುಗಳೆಲ್ಲ ತನ್ನ ಹೊಟ್ಟೆಯ ಅಳತೆಗೇ ತಯಾರಾಗುತ್ತಿವೆಯೆಂದು ಅರ್ನುಲ್ಫ್ ಹೋದಲ್ಲೆಲ್ಲ ಕೊಚ್ಚಿಕೊಂಡ.

* * *

“ಯಾಕೋ, ಮುಖ ಒಡೆದ ಹಾಲಿನ ಹಾಗಾಗಿದೆ?” ಟೊರುನ್‌ಳ ತಂಗಿ ಗುರೋ ಕಾಫಿ ಹಿಡಿದು ಮೇಲೆ ಬಂದಿದ್ದಳು. ತುಂಬಿ ತುಳುಕುವ ಬಟ್ಟಲನ್ನು ಅವನ ಮುಂದಿಟ್ಟು, ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು. “ಕ್ಯಾಮೆರಾ ಇದೆ, ಪರದೆ ಇದೆ, ಇಂಗ್ವಿಲ್ ಇದ್ದಾಳೆ. ಏಳು ಮೇಲೆ! ನಮ್ಮಕ್ಕನ್ನ ಕಟ್ಟೆಗೆ ಗುದ್ದಿದ್ಯೋ, ಅದೇ ಗುಂಡೀಗೆ ನಿನ್ನನ್ನೂ ಇಳಿಸಿಬಿಡ್ತೀನಿ.”

“ಇಳಿಸು. ಹೇಗೂ ಜೋಡಿ ಜಾಗ ಹಿಡಿದಿಟ್ಟಿದ್ದೀವಿ.”

“ಎಂಜಿನ್ ಕೋಣೇಲಿ ಟೇಪಿದೆ,” ಎಂದಳು ಇಂಗ್ವಿಲ್. ಗುರೋ ಬೈದುಕೊಳ್ಳುತ್ತಲೇ ಮೆಟ್ಟಿಲಿಳಿದಳು.

ಟೇಪು ಬಂದರೂ ಹಚ್ಚುವುದೆಲ್ಲಿಗೆ? ಕೂದಲೆಳೆಯಷ್ಟು ತಪ್ಪಿದರೂ ಹಡಗು ಗುದ್ದುತ್ತದೆ. ದ್ವೀಪ ಹತ್ತಿರವಾಯಿತು. ಕಟ್ಟೆಯಲ್ಲಿ ಜನ ಕರಿಯುಡುಪಿನಲ್ಲಿ ನಿಂತಿದ್ದರು, ಬಾವುಟ ಅರ್ಧಕ್ಕಿಳಿದಿತ್ತು. “ನಾನು ತಾಗಿಸ್ಲಾ?” ಎಂದಳು ಇಂಗ್ವಿಲ್ ಮೆಲ್ಲಗೆ. ಅರ್ನುಲ್ಫ್ ಗಾಜಿನ ಕಡೆ ಬಾಗಿ ನಿಟ್ಟುಸಿರು ಬಿಟ್ಟ. ನಿಟ್ಟುಸಿರೆಂದರೆ ಅದು, ಹಾಯಿಹಡಗಾಗಿದ್ದರೆ ಐಸ್‌ಲ್ಯಾಂಡಿನವರೆಗೆ ಹೋಗುತ್ತಿತ್ತು.

ಗಾಜು ಮಂಜಾಯಿತು. ಮಂಜಿನ ನಡುವೆ, ಹಳೆಯ ಟೇಪಿನ ಅಂಟು ಉಳಿದಿದ್ದಲ್ಲಿ, ಹೆಬ್ಬೆರಳಷ್ಟು ಜಾಗ ಮಾತ್ರ ಮಂಜು ಹಿಡಿಯದೆ ಉಳಿಯಿತು.

ಅವನು ಅಲ್ಲಿ ಬೆರಳೊತ್ತಿ ಹಿಡಿದ. ಇನ್ನೊಂದು ಕೈ ಕೋಟಿನ ಜೇಬು ಹುಡುಕಿತು. ಹಡಗು ಹತ್ತುವಾಗ ತನ್ನ ಸಾಮಾನನ್ನೆಲ್ಲ ಅವನ ಜೇಬಿಗೆ ತುರುಕುವುದು ಟೊರುನ್‌ಳ ಚಾಳಿ. ಕೈಗೆ ಸಿಕ್ಕಿದ್ದು, ಹೊಟ್ಟೆ ತೊಳಸದಂತೆ ಅವಳು ಕಿವಿಯ ಹಿಂದೆ ಅಂಟಿಸಿಕೊಳ್ಳುತ್ತಿದ್ದ ಪುಟ್ಟ ದುಂಡನೆಯ ಔಷಧಿ ಪಟ್ಟಿ. ಹಲ್ಲಿನಿಂದ ಕಾಗದ ಸುಲಿದು, ಬೆರಳು ತೆಗೆದು, ಪಟ್ಟಿಯನ್ನು ಅಲ್ಲಿ ಹಚ್ಚಿದ.

ಕಂಬ ಮೆಲ್ಲಗೆ ಸರಿದು ಬಂದು ಪಟ್ಟಿಯ ಹಿಂದೆ ಅಡಗಿತು. ಅವನು ಎಂಜಿನ್ ನಿಲ್ಲಿಸಿದ.

ಗುರೋ ಟೇಪಿನ ಸುರುಳಿ ಹಿಡಿದು ಏದುಸಿರು ಬಿಡುತ್ತ ಬಂದಳು. “ಹಚ್ಚೋ ಬೇಗ! ಇನ್ನೆಷ್ಟು ದೂರ ಇದೆ?”

“ಬಂದಾಯ್ತು,” ಎಂದ ಅರ್ನುಲ್ಫ್.

ಗುರೋ ಬಟ್ಟಲು ನೋಡಿದಳು. ಕಾಫಿ ಒಂದು ಹನಿಯೂ ಚೆಲ್ಲಿರಲಿಲ್ಲ. ಅವಳು ಟೇಪನ್ನು ಜೇಬಿಗಿಳಿಸಿ, ಅದೇ ಕೈಯ ಬೆನ್ನಿನಿಂದ ಕಣ್ಣೊರೆಸಿಕೊಂಡಳು.

ಮಣ್ಣಾದ ಮೇಲೆ ಅರ್ಧಕ್ಕಿಳಿದ ಬಾವುಟ ಮತ್ತೆ ತುದಿಗೇರಬೇಕು, ಅದು ಅಲ್ಲಿನ ರೂಢಿ. ಹಗ್ಗ ಎಳೆಯಲು ಅರ್ನುಲ್ಫ್ ಕಟ್ಟೆಗೆ ಮರಳಿದ. ಎಳೆಯುತ್ತ ತಲೆಯೆತ್ತಿದಾಗ ಫೆರ್ರಿಯ ಗಾಜಿನಾಚೆ ಇಂಗ್ವಿಲ್ ಕಂಡಳು. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುವ ಆ ಉದ್ದನೆಯ ಹುಡುಗಿ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕುಸಿದು, ಪೀಪಾಯಿಯಷ್ಟೇ ಎತ್ತರವಾಗಿ ಕೂತು, ಒಂದು ಕಣ್ಣು ಮುಚ್ಚಿ ಆ ಪುಟ್ಟ ಪಟ್ಟಿಯ ನೇರಕ್ಕೆ ಕಂಬವನ್ನು ನೋಡುತ್ತಿದ್ದಳು.